ಗೊತ್ತಿದ್ದೂ ಮಾಡಲಾಗದ ಮಗು

ಶಾಲೆಯ ಡೈರಿಯಲ್ಲಿ ಕೆಂಪು ಇಂಕಿನ ಸಾಲುಗಳು ಶುರುವಾಗುವುದು ಸಾಮಾನ್ಯವಾಗಿ ಎರಡನೆಯ ಇಲ್ಲವೇ ಮೂರನೆಯ ತರಗತಿಯ ಹೊತ್ತಿಗೆ. ‘ಪಾಠದ ಕಡೆ ಗಮನವಿಲ್ಲ’, ‘ಬೋರ್ಡಿನಲ್ಲಿದ್ದುದನ್ನು ಪೂರ್ತಿ ಬರೆದುಕೊಂಡಿಲ್ಲ’, ‘ಪಕ್ಕದವರೊಂದಿಗೆ ಮಾತು’, ‘ಹೋಂವರ್ಕ್ ಅಪೂರ್ಣ’. ಕೊನೆಗೊಂದು ದಿನ, ‘ಪೋಷಕರು ಬಂದು ಕಾಣುವುದು’. ಹೋಗಿ ಕಂಡರೆ ಮಿಸ್ ಹೇಳುವ ಮಾತು ಬಹುಮಟ್ಟಿಗೆ ಒಂದೇ: ‘ಹುಡುಗ ಚುರುಕಾಗಿದ್ದಾನೆ, ಕೇಳಿದ್ರೆ ಉತ್ತರ ಹೇಳ್ತಾನೆ. ಮನಸ್ಸಿಟ್ಟು ಮಾಡಲ್ಲ, ಅಷ್ಟೇ.’ ಅಪ್ಪ ಅಮ್ಮ ಆ ಸಂಜೆ ಮಗನನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ಅವನು ತಲೆಯಾಡಿಸುತ್ತಾನೆ, ಇನ್ನು ಮೇಲೆ ಸರಿಯಾಗಿರುತ್ತೇನೆಂದು ಮನಸಾರೆ ಮಾತು ಕೊಡುತ್ತಾನೆ. ಮೂರು ದಿನ ಕಳೆಯುವಷ್ಟರಲ್ಲಿ ಡೈರಿಯಲ್ಲಿ ಮತ್ತೆ ಅದೇ ಸಾಲು.

ಹೀಗೆ ಕೆಲವು ತಿಂಗಳು ನಡೆದ ಮೇಲೆ ದೊಡ್ಡವರು ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಮಗುವಿಗೆ ಸೋಮಾರಿತನ, ಇಲ್ಲವೇ ಮೊಂಡುತನ. ಎರಡಕ್ಕೂ ನಮ್ಮಲ್ಲಿ ಮದ್ದು ಸಿದ್ಧವಿದೆ: ಇನ್ನಷ್ಟು ಬೈಗುಳ, ಇನ್ನೊಂದು ಟ್ಯೂಷನ್. ಈ ಎರಡೂ ಅಲ್ಲದ ಮೂರನೆಯ ಕಾರಣವೊಂದು ಇರಬಹುದು ಎಂಬುದು ತುಂಬ ತಡವಾಗಿ ಹೊಳೆಯುತ್ತದೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಈ ತೊಂದರೆಯನ್ನು ವೈದ್ಯರು ಎಡಿಎಚ್‌ಡಿ ಎನ್ನುತ್ತಾರೆ. ಜಗತ್ತಿನ ಬೇರೆಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಇದು ಇರುತ್ತದೆ. ನಲವತ್ತು ಮಕ್ಕಳ ತರಗತಿ ಎಂದುಕೊಂಡರೆ ಇಬ್ಬರು. ಅಂದರೆ ಪಾಠ ಮಾಡುವ ಪ್ರತಿ ಶಿಕ್ಷಕಿಯೂ ಇಂಥ ಮಕ್ಕಳನ್ನು ಕಂಡಿರುತ್ತಾರೆ, ಹೆಸರು ಬೇರೆ ಇಟ್ಟಿರುತ್ತಾರೆ.

ಗಮನದ ಕೊರತೆ ಎಂಬ ಹೆಸರೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲ್ಲಾಡದೆ ಕೂರುತ್ತಾನೆ, ಕಾಪಿ ಬರೆಯಲು ಹತ್ತು ನಿಮಿಷ ಕೂರಲಾಗದೇ?’ ಎಂದು ತಂದೆಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊಬೈಲ್ ಆಟದಲ್ಲಿ ಪ್ರತಿ ಕ್ಷಣಕ್ಕೂ ಏನೋ ಒಂದು ಘಟಿಸುತ್ತದೆ, ಒತ್ತಿದ ಕೂಡಲೇ ಅಂಕ ಸಿಗುತ್ತದೆ, ಸೋತರೆ ಆಗಲೇ ಮತ್ತೊಂದು ಅವಕಾಶ. ಕಾಪಿ ಬರವಣಿಗೆಯ ಫಲ ನಾಳೆಯೋ ವರ್ಷದ ಕೊನೆಗೋ ಬರುವಂಥದ್ದು. ಆಸಕ್ತಿ ಹುಟ್ಟಿಸದ, ಫಲ ದೂರವಿರುವ ಕೆಲಸಕ್ಕೆ ತನ್ನನ್ನು ತಾನೇ ಹಚ್ಚಿಕೊಳ್ಳುವುದು, ಮಧ್ಯೆ ಬಂದ ಬೇರೆ ಸೆಳೆತವನ್ನು ತಡೆದುಕೊಳ್ಳುವುದು, ಎಲ್ಲಿದ್ದೆ ಎಂಬುದನ್ನು ತಲೆಯಲ್ಲಿ ಇಟ್ಟುಕೊಂಡಿರುವುದು, ಎಷ್ಟು ಹೊತ್ತಾಯಿತು ಎಂದು ಅಂದಾಜಿಸುವುದು: ಇವು ಮಿದುಳಿನ ಮುಂಭಾಗದ ಕೆಲಸ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹಿಂದೆ ಬಿದ್ದಿರುವುದು ಇದೇ ಸಾಮರ್ಥ್ಯ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನೂರಾರು ಮಕ್ಕಳ ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಹೋಲಿಸಿ ನೋಡಿತು. ಮಿದುಳಿನ ಹೊರಪದರದ ಬಹುಪಾಲು ಗರಿಷ್ಠ ದಪ್ಪಕ್ಕೆ ಬರುವ ಕ್ರಮ ಎಲ್ಲ ಮಕ್ಕಳಲ್ಲೂ ಒಂದೇ ಇತ್ತು, ಆದರೆ ಎಡಿಎಚ್‌ಡಿ ಇದ್ದವರಲ್ಲಿ ಅದು ಸುಮಾರು ಮೂರು ವರ್ಷ ತಡವಾಗಿತ್ತು. ಈ ವಿಳಂಬ ಹೆಚ್ಚಾಗಿ ಕಂಡದ್ದು ಮುಂಭಾಗದಲ್ಲೇ.

ಇಂಥ ಒಂಬತ್ತು ವರ್ಷದ ಮಗುವಿಗೆ ಮಗ್ಗಿಯ ವಿಷಯದಲ್ಲಿ ಒಂಬತ್ತೇ ವರ್ಷ. ಬ್ಯಾಗು ಜೋಡಿಸಿಕೊಳ್ಳುವುದರಲ್ಲಿ, ಸರದಿ ಕಾಯುವುದರಲ್ಲಿ, ಶುರು ಮಾಡಿದ್ದನ್ನು ಮುಗಿಸುವುದರಲ್ಲಿ ಆರೋ ಏಳೋ ಎಂದು ತಿಳಿದುಕೊಂಡರೆ ಮನೆಯ ಅರ್ಧ ಜಗಳ ಇಳಿಯುತ್ತದೆ. ಏನು ಮಾಡಬೇಕು ಎಂಬುದು ಈ ಮಗುವಿಗೆ ಚೆನ್ನಾಗಿ ಗೊತ್ತು. ಕೇಳಿ ನೋಡಿ, ಶಾಲೆಯ ನಿಯಮಗಳನ್ನೆಲ್ಲ ಒಪ್ಪಿಸುತ್ತದೆ. ಮಾಡಬೇಕಾದ ಆ ಗಳಿಗೆಯಲ್ಲಿ ಆ ತಿಳಿವಳಿಕೆ ಕೈಗೆ ಬರುವುದಿಲ್ಲ. ಆದ್ದರಿಂದ ರಾತ್ರಿ ಊಟವಾದ ಮೇಲೆ ನಾವು ಹೇಳುವ ಬುದ್ಧಿವಾದ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನೆರವು ಇರಬೇಕಾದದ್ದು ಕೆಲಸ ನಡೆಯುವ ಜಾಗದಲ್ಲಿ, ಕೆಲಸ ನಡೆಯುವ ಹೊತ್ತಿನಲ್ಲಿ. ಈ ತೊಂದರೆಯ ಬಗ್ಗೆ ಇಲ್ಲಿಯವರೆಗಿನ ಸಂಶೋಧನೆ ಪೋಷಕರಿಗೂ ಶಿಕ್ಷಕರಿಗೂ ಕೊಡುವ ಸಲಹೆಯನ್ನೆಲ್ಲ ಹಿಂಡಿದರೆ ಉಳಿಯುವುದು ಇಷ್ಟೇ.

ಹಾಗೆಂದು ಓಡಾಡುವ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಬಾರದು. ಎಡಿಎಚ್‌ಡಿಯನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಕ್ಕಳ ಮನೋವೈದ್ಯರು ಮನೆಯವರನ್ನು ಕೇಳುತ್ತಾರೆ, ಶಾಲೆಯಿಂದ ಪ್ರಶ್ನಾವಳಿ ತುಂಬಿಸಿ ತರಿಸಿಕೊಳ್ಳುತ್ತಾರೆ, ಮಗುವನ್ನು ನೋಡುತ್ತಾರೆ. ಲಕ್ಷಣಗಳು ಕನಿಷ್ಠ ಆರು ತಿಂಗಳಿನಿಂದ ಇರಬೇಕು, ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಒಂದಕ್ಕಿಂತ ಹೆಚ್ಚು ಕಡೆ, ಅಂದರೆ ಮನೆಯಲ್ಲೂ ಶಾಲೆಯಲ್ಲೂ, ಕಾಣಬೇಕು, ಅವುಗಳಿಂದ ಮಗುವಿನ ಓದಿಗೋ ಸ್ನೇಹಕ್ಕೋ ನಿಜವಾದ ಅಡ್ಡಿಯಾಗುತ್ತಿರಬೇಕು. ಒಬ್ಬ ಮೇಷ್ಟರ ಪೀರಿಯಡ್ಡಿನಲ್ಲಿ ಮಾತ್ರ ಗಲಾಟೆ ಮಾಡುವ ಹುಡುಗನ ಸಮಸ್ಯೆ ಬೇರೆಲ್ಲೋ ಇದೆ.

ಗಮನವಿಲ್ಲದಂತೆ ಕಾಣುವುದಕ್ಕೆ ಇತರ ಕಾರಣಗಳೂ ಉಂಟು, ಅವನ್ನು ಮೊದಲು ನೋಡಬೇಕು. ಕಿವಿ ಸರಿಯಾಗಿ ಕೇಳಿಸದಿರಬಹುದು. ಬೋರ್ಡು ಮಸುಕಾಗಿ ಕಾಣುತ್ತಿರಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆ ಇರಬಹುದು. ಅಡಿನಾಯ್ಡ್ ಊದಿ ರಾತ್ರಿಯೆಲ್ಲ ಗೊರಕೆ ಹೊಡೆಯುವ ಮಗು ಹಗಲು ಚಂಚಲವಾಗಿರುವುದು ಸಹಜ. ಮಾತಿನ ಮಧ್ಯೆಯೇ ಕೆಲವು ಸೆಕೆಂಡು ಶೂನ್ಯ ದೃಷ್ಟಿಯಿಂದ ನಿಂತು, ಏನೂ ಆಗದಂತೆ ಮತ್ತೆ ಮುಂದುವರಿಯುವ ಮಗುವಿಗೆ ‘ಹಗಲುಗನಸು’ ಎನ್ನುವ ಮುಂಚೆ ಮೂರ್ಛೆರೋಗದ ಒಂದು ಬಗೆಯನ್ನು ತಳ್ಳಿಹಾಕಬೇಕಾಗುತ್ತದೆ. ಮನೆಯಲ್ಲಿ ಜಗಳವಿದ್ದರೆ, ತರಗತಿಯಲ್ಲಿ ಯಾರೋ ಗೋಳು ಹುಯ್ದುಕೊಳ್ಳುತ್ತಿದ್ದರೆ ಆ ಭಯವೂ ಗಮನವನ್ನು ನುಂಗುತ್ತದೆ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇದ್ದರೆ ಓದುವುದೇ ಕಷ್ಟವಾಗಿ ಮಗು ಪುಸ್ತಕದಿಂದ ತಪ್ಪಿಸಿಕೊಳ್ಳುತ್ತದೆ. ಆಮಿರ್ ಖಾನರ ‘ತಾರೇ ಜಮೀನ್ ಪರ್’ ಸಿನಿಮಾ ಬಂದ 2007ರ ನಂತರ ಕಲಿಕಾ ನ್ಯೂನತೆಯ ಬಗ್ಗೆ ಒಂದಿಷ್ಟು ತಿಳಿವಳಿಕೆ ಮೂಡಿತು, ಅದರ ಜೊತೆಗೇ ಅದೂ ಎಡಿಎಚ್‌ಡಿಯೂ ಒಂದೇ ಎಂಬ ಗೊಂದಲವೂ ಹಬ್ಬಿತು. ಇವು ಬೇರೆಬೇರೆ ತೊಂದರೆಗಳು, ಆದರೆ ಒಂದೇ ಮಗುವಿನಲ್ಲಿ ಎರಡೂ ಇರುವುದು ಅಪರೂಪವಲ್ಲ.

ಇನ್ನೊಂದು ವಿಷಯವನ್ನು ನಮ್ಮ ಪೋಷಕರು ವಿಶೇಷವಾಗಿ ಗಮನಿಸಬೇಕು. ಅಮೆರಿಕದಲ್ಲಿ ಸೆಪ್ಟೆಂಬರ್ 1ಕ್ಕೆ ವಯಸ್ಸು ಲೆಕ್ಕ ಹಾಕಿ ಶಾಲೆಗೆ ಸೇರಿಸಿಕೊಳ್ಳುವ ರಾಜ್ಯಗಳಲ್ಲಿ ಆಗಸ್ಟಿನಲ್ಲಿ ಹುಟ್ಟಿದ ಮಕ್ಕಳಿಗೆ, ಅಂದರೆ ತರಗತಿಯ ಅತಿ ಚಿಕ್ಕವರಿಗೆ, ಸೆಪ್ಟೆಂಬರಿನಲ್ಲಿ ಹುಟ್ಟಿದವರಿಗಿಂತ ಶೇ 34ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಎಂಬ ಹಣೆಪಟ್ಟಿ ಸಿಕ್ಕಿದ್ದನ್ನು 2018ರ ಅಧ್ಯಯನವೊಂದು ತೋರಿಸಿತು. ಹನ್ನೊಂದು ತಿಂಗಳು ಚಿಕ್ಕ ಮಗುವಿನ ಸಹಜ ಚಡಪಡಿಕೆಯನ್ನು ಕಾಯಿಲೆ ಎಂದು ಓದಿಕೊಂಡ ಪರಿಣಾಮ ಅದು. ಕರ್ನಾಟಕದಲ್ಲಿ ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಾಗ ಎಷ್ಟೊಂದು ಪೋಷಕರು ವಿರೋಧಿಸಿದರು, ಕೊನೆಗೆ 2025–26ನೇ ಸಾಲಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಬೇಕಾಯಿತು. ಒಂದು ವರ್ಷ ‘ಉಳಿಸುವ’ ಆತುರದಲ್ಲಿ ತರಗತಿಯ ಅತಿ ಚಿಕ್ಕ ಮಗುವಾಗಿ ಕೂತವರು ಎರಡನೆಯ ತರಗತಿಯಲ್ಲಿ ‘ಒಂದು ಕಡೆ ಕೂರಲ್ಲ’ ಎಂಬ ದೂರು ಹೊತ್ತು ತಂದರೆ ಮೊದಲು ಹುಟ್ಟಿದ ತಿಂಗಳು ನೋಡುವುದು ಒಳ್ಳೆಯದು.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಬೆಂಚು ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ, ಯಾರಿಗೂ ತೊಂದರೆ ಕೊಡದೆ, ಅರ್ಧ ಉತ್ತರ ಬರೆದು ಪೇಪರು ಕೊಟ್ಟು ಬರುವ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎಡಿಎಚ್‌ಡಿಯಲ್ಲಿ ಬರೀ ಗಮನದ ಕೊರತೆಯೇ ಮುಖ್ಯವಾಗಿರುವ ಬಗೆಯೊಂದಿದೆ, ಅಲ್ಲಿ ಅತಿಚಟುವಟಿಕೆ ಅಷ್ಟಾಗಿ ಕಾಣುವುದಿಲ್ಲ. ಹೆಣ್ಣುಮಕ್ಕಳು ‘ಪಾಪದವಳು, ಸ್ವಲ್ಪ ಮಂಕು’ ಎಂಬ ಮಾತಿನಡಿ ವರ್ಷಗಟ್ಟಲೆ ಉಳಿದುಬಿಡುವುದು ಹೀಗೆ.

ತೊಂದರೆ ಇದೆ ಎಂದು ಖಚಿತವಾದ ದಿನ ಮನೆಯಲ್ಲಿ ಮೊದಲು ಹುಡುಕುವುದು ತಪ್ಪಿತಸ್ಥರನ್ನು. ಬೆರಳು ಸಾಮಾನ್ಯವಾಗಿ ತಾಯಿಯತ್ತ ತಿರುಗುತ್ತದೆ: ಕೆಲಸಕ್ಕೆ ಹೋಗುತ್ತಾಳೆ, ಮುದ್ದು ಹೆಚ್ಚು ಮಾಡಿದಳು, ಸಿಹಿ ಹೆಚ್ಚು ಕೊಟ್ಟಳು. ಸಕ್ಕರೆಯ ಮೇಲಿನ ಆರೋಪ ಪರೀಕ್ಷೆಯಲ್ಲಿ ನಿಂತಿಲ್ಲ. ಯಾರಿಗೆ ಸಕ್ಕರೆ, ಯಾರಿಗೆ ಬದಲಿ ಸಿಹಿ ಎಂದು ಪೋಷಕರಿಗೂ ತಿಳಿಸದೆ ನಡೆಸಿದ ಪ್ರಯೋಗಗಳಲ್ಲಿ ಮಕ್ಕಳ ನಡವಳಿಕೆಯಲ್ಲಿ ವ್ಯತ್ಯಾಸ ಕಂಡಿಲ್ಲ. ಅವಧಿಗೆ ಮುಂಚೆ ಹುಟ್ಟಿದ್ದು, ಹುಟ್ಟಿದಾಗ ತೂಕ ಕಡಿಮೆ ಇದ್ದದ್ದು, ದೇಹಕ್ಕೆ ಸೀಸ ಸೇರಿದ್ದು ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಪಾತ್ರ ವಂಶವಾಹಿಯದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವಿನ ವ್ಯತ್ಯಾಸದಲ್ಲಿ ಶೇ 70ಕ್ಕೂ ಹೆಚ್ಚು ಪಾಲನ್ನು ಅದು ವಿವರಿಸುತ್ತದೆ. ಹಜಾರದಲ್ಲಿ ಕೂತ ಅಜ್ಜಿ, ‘ಅವರಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ, ಒಂದು ವರ್ಷದಲ್ಲಿ ಮೂರು ಕೊಡೆ ಕಳೆದಿದ್ದ’ ಎಂದಾಗ ಆಕೆ ಮೊಮ್ಮಗನಿಗೆ ಏನೂ ಆಗಿಲ್ಲ ಎಂದು ಸಾಧಿಸಲು ಹೊರಟಿರುತ್ತಾರೆ. ವೈದ್ಯರ ಕಿವಿಗೆ ಅದು ಕುಟುಂಬದ ಇತಿಹಾಸವಾಗಿ ಕೇಳಿಸುತ್ತದೆ. ಅಜ್ಜಿಯನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು.

ಈಗ ಮನೆಯ ಒಳಗೆ ಬರೋಣ. ಬೆಳಿಗ್ಗೆ ಏಳೂವರೆ. ಅಡುಗೆಮನೆಯಿಂದ ಅಮ್ಮನ ಕೂಗು: ‘ಬೇಗ ಸ್ನಾನ ಮುಗಿಸಿ ಯೂನಿಫಾರ್ಮ್ ಹಾಕ್ಕೊಂಡು, ಬ್ಯಾಗಿಗೆ ಪುಸ್ತಕ ತುಂಬ್ಕೊಂಡು ತಿಂಡಿಗೆ ಬಾ!’ ಒಂದು ವಾಕ್ಯ, ನಾಲ್ಕು ಕೆಲಸ. ಹುಡುಗ ಸ್ನಾನ ಮಾಡುತ್ತಾನೆ, ಪ್ಯಾಂಟು ಹಾಕುತ್ತಾನೆ, ಮಂಚದ ಕೆಳಗೆ ನಿನ್ನೆ ಕಳೆದಿದ್ದ ಗೋಲಿ ಕಾಣುತ್ತದೆ. ಮುಂದಿನ ಕಾಲು ಗಂಟೆ ಮಂಚದ ಕೆಳಗೆ. ಅಮ್ಮ ಬಂದು ನೋಡಿದಾಗ ಅರ್ಧ ಬಟ್ಟೆ, ಖಾಲಿ ಬ್ಯಾಗು, ಬಾಗಿಲಲ್ಲಿ ಶಾಲೆಯ ವ್ಯಾನಿನ ಹಾರ್ನು. ಉಳಿದ ಎರಡು ಕೆಲಸವನ್ನು ಅವನು ಧಿಕ್ಕರಿಸಿದ್ದಲ್ಲ, ಅವು ತಲೆಯಿಂದ ಜಾರಿದ್ದವು. ಇಲ್ಲಿ ಮಾಡಬಹುದಾದದ್ದು ಹೀಗೆ. ಬ್ಯಾಗನ್ನು ರಾತ್ರಿಯೇ ತುಂಬಿಸಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಡಿಸುವುದು. ಬಚ್ಚಲಮನೆಯ ಬಾಗಿಲಿಗೆ, ಮಗುವಿನ ಕಣ್ಣಿನ ಎತ್ತರಕ್ಕೆ, ನಾಲ್ಕು ಚಿತ್ರಗಳ ಒಂದು ಹಾಳೆ ಅಂಟಿಸುವುದು: ಸ್ನಾನ, ಬಟ್ಟೆ, ತಿಂಡಿ, ಶೂ. ಹೇಳುವಾಗ ಅಡುಗೆಮನೆಯಿಂದ ಕೂಗದೆ ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಮುಖ ನೋಡಿ ಒಂದೇ ಕೆಲಸ ಹೇಳುವುದು, ಏನು ಹೇಳಿದೆ ಎಂದು ಅವನಿಂದಲೇ ಹೇಳಿಸುವುದು. ಅದು ಮುಗಿದ ಮೇಲೆ ಮುಂದಿನದು. ಮೊದಮೊದಲು ಇದು ಹೆಚ್ಚು ಕೆಲಸ ಅನ್ನಿಸುತ್ತದೆ. ಎಂಟು ಸಲ ಕೂಗುವುದಕ್ಕಿಂತ ಕಡಿಮೆಯೇ.

ಸಂಜೆಯ ಹೋಂವರ್ಕಿಗೂ ಇದೇ ತತ್ವ. ಇಪ್ಪತ್ತು ಲೆಕ್ಕ ತುಂಬಿದ ಪುಟ ಈ ಮಗುವಿಗೆ ಬೆಟ್ಟದಂತೆ ಕಾಣುತ್ತದೆ. ಒಂದು ಬಿಳಿ ಹಾಳೆಯಿಂದ ಕೆಳಗಿನ ಹದಿನೇಳನ್ನು ಮುಚ್ಚಿ, ಮೂರನ್ನು ಮಾತ್ರ ತೋರಿಸಿ. ಮುಗಿದ ಕೂಡಲೇ ನೋಡಿ ಸರಿ ಹಾಕಿ, ಎರಡು ನಿಮಿಷ ಎದ್ದು ಓಡಾಡಲಿ, ನೀರು ಕುಡಿಯಲಿ. ಮತ್ತೆ ಮೂರು. ಟಿವಿ ಇರುವ ಹಜಾರ ಬೇಡ, ಆದರೆ ಬಾಗಿಲು ಹಾಕಿದ ಒಂಟಿ ಕೋಣೆಯೂ ಬೇಡ. ದೊಡ್ಡವರೊಬ್ಬರು ತಮ್ಮ ಕೆಲಸ ಮಾಡುತ್ತ ಹತ್ತಿರ ಕೂತಿದ್ದರೆ ಸಾಕು. ‘ಇನ್ನು ಹದಿನೈದು ನಿಮಿಷ’ ಎಂಬ ಮಾತು ಅವನಿಗೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಸಮಯದ ಅಂದಾಜೇ ಅವನ ದೌರ್ಬಲ್ಯ. ಮುಳ್ಳಿನ ಗಡಿಯಾರವನ್ನು ಮುಂದಿಟ್ಟು, ದೊಡ್ಡ ಮುಳ್ಳು ಮೂರಕ್ಕೆ ಬರುವವರೆಗೆ ಎಂದರೆ ಸಮಯ ಕಣ್ಣಿಗೆ ಕಾಣುವ ವಸ್ತುವಾಗುತ್ತದೆ. ಬರೆಯುವಾಗ ಕಾಲು ಆಡಿಸಿದರೆ, ನಿಂತುಕೊಂಡು ಬರೆದರೆ ಬರೆಯಲಿ ಬಿಡಿ. ಏಳು ಗಂಟೆ ಶಾಲೆಯಲ್ಲಿ ಕೂತು ಬಂದವನನ್ನು ಮತ್ತೆರಡು ಗಂಟೆ ಟ್ಯೂಷನ್ನಿಗೆ ಕೂರಿಸುವ ಮುನ್ನ ಅವನು ಒಂದು ಗಂಟೆ ಬೀದಿಯಲ್ಲಿ ಆಡಿ ಬೆವರಲಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವ ಮಗುವಿನ ಗಮನವನ್ನು ಯಾವ ಚಿಕಿತ್ಸೆಯೂ ಸರಿಪಡಿಸಲಾರದು.

ಬಹುಮಾನದ ವಿಷಯದಲ್ಲಿ ನಮ್ಮ ಮನೆಗಳ ಲೆಕ್ಕಾಚಾರ ತಲೆಕೆಳಗಾಗಿದೆ. ‘ಪರೀಕ್ಷೆಯಲ್ಲಿ ತೊಂಬತ್ತು ತೆಗೆದರೆ ಸೈಕಲ್’ ಎಂಬ ಆಸೆ ಈ ಮಗುವಿನ ಮೇಲೆ ಕೆಲಸ ಮಾಡುವುದಿಲ್ಲ. ಮಾರ್ಚ್ ತಿಂಗಳು ಅವನಿಂದ ತುಂಬ ದೂರ. ಚಿಕ್ಕದು, ಆಗಲೇ ಸಿಗುವುದು, ಮೇಲಿಂದ ಮೇಲೆ ಸಿಗುವುದು ಕೆಲಸ ಮಾಡುತ್ತದೆ. ಒಂದು ಹಾಳೆಯಲ್ಲಿ ಮೂರೇ ಕೆಲಸ ಬರೆದು, ಮಾಡಿದ್ದಕ್ಕೆಲ್ಲ ಒಂದು ಚುಕ್ಕಿ, ಇಂತಿಷ್ಟು ಚುಕ್ಕಿಗೆ ಅವತ್ತೇ ಸಂಜೆ ಅಪ್ಪನ ಜೊತೆ ಕೇರಂ ಅಥವಾ ರಾತ್ರಿ ಒಂದು ಕಥೆ ಹೆಚ್ಚು. ‘ಗುಡ್ ಬಾಯ್’ ಎಂಬ ಮಾತಿಗಿಂತ ‘ಹೇಳಿದ ಕೂಡಲೇ ಪುಸ್ತಕ ತೆಗೆದೆಯಲ್ಲ, ಅದು ಚೆನ್ನಾಯ್ತು’ ಎಂಬುದು ಹೆಚ್ಚು ಉಳಿಯುತ್ತದೆ, ಯಾವುದು ಚೆನ್ನಾಗಿತ್ತೆಂದು ಅದು ತಿಳಿಸುತ್ತದೆ. ದಿನವಿಡೀ ‘ಬೇಡ, ಬಿಡು, ಸುಮ್ನಿರು’ ಕೇಳಿ ಬಂದ ಮಗುವಿಗೆ ತಾನು ಮಾಡಿದ್ದೂ ಯಾರಿಗಾದರೂ ಕಾಣುತ್ತದೆ ಎಂಬುದೇ ಹೊಸ ಸುದ್ದಿ. ತಪ್ಪಿಗೆ ಪರಿಣಾಮ ಇರಬಾರದೆಂದಲ್ಲ. ಅದು ಚಿಕ್ಕದಾಗಿ, ಆಗಲೇ ಮುಗಿಯಬೇಕು. ವಾರವಿಡೀ ಆಟ ಬಂದ್ ಎಂದರೆ ಮೂರನೆಯ ದಿನಕ್ಕೆ ಏತಕ್ಕೆಂಬುದು ಮರೆತಿರುತ್ತದೆ, ಸಿಟ್ಟು ಮಾತ್ರ ಉಳಿದಿರುತ್ತದೆ. ಕೂಡು ಕುಟುಂಬವಿದ್ದಲ್ಲಿ ಅಪ್ಪನದೊಂದು ನಿಯಮ, ತಾತನದೊಂದು ನಿಯಮ ಆಗದಂತೆ ದೊಡ್ಡವರು ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಶಾಲೆಯತ್ತ ನೋಡಿದರೆ, ಈ ಮಕ್ಕಳಿಗೆ ಹೊಂದುವ ತರಗತಿಯ ಒಂದು ಮಾದರಿ ನಮ್ಮಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ 2009–10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಅದರಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ಕಲಿಕಾ ಏಣಿಯಲ್ಲಿ ತಾವೆಲ್ಲಿದ್ದೇವೆಂದು ನೋಡಿಕೊಳ್ಳುತ್ತಾರೆ, ಎದ್ದು ಹೋಗಿ ತಮ್ಮ ಕಾರ್ಡು ತಂದುಕೊಳ್ಳುತ್ತಾರೆ, ಒಂದು ಚಟುವಟಿಕೆ ಮುಗಿಸಿ ಇನ್ನೊಂದು ಗುಂಪಿಗೆ ಹೋಗುತ್ತಾರೆ. ಕೆಲಸ ತುಣುಕುತುಣುಕಾಗಿದೆ, ಓಡಾಟಕ್ಕೆ ಅನುಮತಿ ಇದೆ, ಮುಂದಿನದೇನೆಂದು ಕಣ್ಣಿಗೆ ಕಾಣುತ್ತದೆ. ಎಡಿಎಚ್‌ಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದಲ್ಲವಾದರೂ ಈ ಮಕ್ಕಳಿಗೆ ಬೇಕಾದದ್ದು ಹೆಚ್ಚುಕಡಿಮೆ ಇದೇ. ನಾಲ್ಕನೆಯ ತರಗತಿಗೆ ಬಂದಾಗ ಸಾಲು ಬೆಂಚು, ಉದ್ದನೆಯ ಪಾಠ, ಬೋರ್ಡು ನೋಡಿ ಬರೆದುಕೊಳ್ಳುವ ಪುಟಗಟ್ಟಲೆ ಪ್ರಶ್ನೋತ್ತರ. ಅಲ್ಲಿಯವರೆಗೆ ತೇಲಿಕೊಂಡು ಬಂದ ಮಗು ಅಲ್ಲಿ ಮುಗ್ಗರಿಸಿದರೆ ಬದಲಾದದ್ದು ಮಗುವೋ ತರಗತಿಯೋ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಬೆಂಚಿನ ತರಗತಿಯಲ್ಲೂ ಮಾಡಬಹುದಾದದ್ದು ಬಹಳ. ಗಲಾಟೆ ಹುಡುಗನನ್ನು ಕೊನೆಯ ಬೆಂಚಿಗೆ ಕಳಿಸುವುದು ನಮ್ಮ ರೂಢಿ. ಅವನು ಕೂರಬೇಕಾದದ್ದು ಮುಂದಿನ ಬೆಂಚಿನಲ್ಲಿ, ಬಾಗಿಲು ಕಿಟಕಿಗಳಿಂದ ದೂರ, ಸಮಾಧಾನದ ಒಬ್ಬ ಜೊತೆಗಾರನ ಪಕ್ಕ. ಗಮನ ಜಾರಿದಾಗ ಹೆಸರು ಹಿಡಿದು ಕೂಗಿದರೆ ಇಡೀ ತರಗತಿ ತಿರುಗಿ ನೋಡುತ್ತದೆ. ಓಡಾಡುತ್ತ ಪಾಠ ಮಾಡುವ ಮೇಷ್ಟರು ಅವನ ಡೆಸ್ಕನ್ನು ಬೆರಳಿನಿಂದ ತಟ್ಟಿ ಮುಂದೆ ಹೋದರೆ ಅವರಿಬ್ಬರಿಗೆ ಮಾತ್ರ ಗೊತ್ತಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬೋರ್ಡು ಒರೆಸುವುದು, ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬರುವುದು ಅವನ ಪಾಲಿಗೆ ಬರಲಿ. ಎದ್ದು ಓಡಾಡಲೇಬೇಕಾದ ಮಗುವಿಗೆ ಅದು ಅನುಮತಿ ಪಡೆದ ಓಡಾಟ. ಹೋಂವರ್ಕ್ ಬರೆದುಕೊಂಡಿದ್ದಾನೆಯೇ ಎಂದು ಗಂಟೆ ಹೊಡೆಯುವ ಮುನ್ನ ಒಮ್ಮೆ ಡೈರಿ ನೋಡಿದರೆ ಸಂಜೆ ಅಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭಿಕ್ಷೆ ಬೇಡುವುದು ತಪ್ಪುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಹಿಂಬದಿ ನೋಡಲು ನೆನಪಿಸುವುದರಿಂದ ಯಾರಿಗೂ ಅನ್ಯಾಯವಾಗದು. ಮಾಡಲೇಬಾರದ ಒಂದು ಕೆಲಸವೂ ಇದೆ: ಶಿಕ್ಷೆಯಾಗಿ ಆಟದ ಪೀರಿಯಡ್ ಕಿತ್ತುಕೊಳ್ಳುವುದು. ಹೊಡೆಯುವುದಂತೂ ದೂರದ ಮಾತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ಇವನಿಗೆ ಎಷ್ಟು ಹೇಳಿದರೂ ಅಷ್ಟೇ’ ಎಂದು ಮಕ್ಕಳ ಮುಂದೆ ನಗುವುದೂ ಎರಡನೆಯದರಲ್ಲಿ ಸೇರುತ್ತದೆ.

ಡೈರಿಯನ್ನು ದೂರಿನ ಪುಸ್ತಕದಿಂದ ಚಿಕಿತ್ಸೆಯ ಸಾಧನವಾಗಿ ಮಾರ್ಪಡಿಸುವ ಒಂದು ಸರಳ ವಿಧಾನವನ್ನು ಹಲವು ಅಧ್ಯಯನಗಳು ಬೆಂಬಲಿಸಿವೆ. ಶಿಕ್ಷಕಿ ಮತ್ತು ಪೋಷಕರು ಸೇರಿ ಎರಡು ಮೂರು ಗುರಿಗಳನ್ನು ಆರಿಸುತ್ತಾರೆ, ಎಣಿಸಬಹುದಾದಂಥವು: ಕೈಯೆತ್ತಿ ಮಾತಾಡಿದ, ಕೊಟ್ಟ ಲೆಕ್ಕದಲ್ಲಿ ಅರ್ಧವಾದರೂ ಮುಗಿಸಿದ, ಕಂಪಾಸ್ ಬಾಕ್ಸು ಬ್ಯಾಗಿನಲ್ಲಿದೆ. ‘ಒಳ್ಳೆಯವನಾಗಿದ್ದ’ ಎಂಬುದು ಗುರಿಯಲ್ಲ. ಬೆಳಗಿನ ಅವಧಿಗೊಂದು, ಊಟದ ನಂತರಕ್ಕೊಂದು ಗುರುತು. ಬೆಳಿಗ್ಗೆ ಕೆಟ್ಟರೂ ಮಧ್ಯಾಹ್ನ ಹೊಸದಾಗಿ ಶುರು ಮಾಡಬಹುದು ಎಂಬುದು ಇದರ ಗುಟ್ಟು. ಮೊದಲ ವಾರ ಮಗು ಗೆಲ್ಲುವಷ್ಟು ಸುಲಭವಾಗಿ ಇಟ್ಟು ನಿಧಾನಕ್ಕೆ ಏರಿಸಬೇಕು. ಸಂಜೆ ಆ ಗುರುತಿಗೆ ಮನೆಯಲ್ಲಿ ಚುಕ್ಕಿ. ಶಿಕ್ಷಕಿಗೆ ದಿನಕ್ಕೆ ಒಂದೆರಡು ನಿಮಿಷದ ಕೆಲಸ. ಪ್ರಾಥಮಿಕ ತರಗತಿಯಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕರು ಎಂದು ಕಾಯ್ದೆ ಹೇಳಿದರೂ ಐವತ್ತು ಮಕ್ಕಳನ್ನು ಹಿಡಿದು ನಿಂತವರಿಗೆ ಆ ಒಂದೆರಡು ನಿಮಿಷವೂ ದೊಡ್ಡದು ಎಂಬುದನ್ನು ಪೋಷಕರು ಮರೆಯಬಾರದು. ಪಟ್ಟಿ ಹಿಡಿದು ವಾದಕ್ಕೆ ಹೋಗುವುದಕ್ಕಿಂತ, ‘ಮಿಸ್, ಈ ಮೂರರಲ್ಲಿ ನಿಮಗೆ ಯಾವುದು ಆಗುತ್ತೆ?’ ಎಂದು ಕೇಳುವವರಿಗೆ ಹೆಚ್ಚು ಸಿಗುತ್ತದೆ.

ಔಷಧದ ಮಾತು ಬಂದಾಗ ಮನೆ ಎರಡು ಪಾಲಾಗುತ್ತದೆ. ಮಿದುಳಿನ ಮಾತ್ರೆ, ಚಟ ಹಿಡಿಯುತ್ತದೆ, ಮಗು ಮಂಕಾಗುತ್ತದೆ ಎಂಬ ಭಯಗಳು. ಆದರೆ ಔಷಧ ಹೊಸದೇನಲ್ಲ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನ ವೈದ್ಯ ಚಾರ್ಲ್ಸ್ ಬ್ರಾಡ್ಲಿ, ತಮ್ಮ ಆಸ್ಪತ್ರೆಯ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟಾಗ ಅವರಲ್ಲಿ ಅನೇಕರು ಶಾಲೆಯ ಕೆಲಸದಲ್ಲಿ ಒಮ್ಮೆಲೇ ಸುಧಾರಿಸಿದ್ದನ್ನು ವರದಿ ಮಾಡಿದರು. ಉತ್ತೇಜಕ ಔಷಧ ಚಂಚಲ ಮಗುವನ್ನು ನೆಲೆಗೊಳಿಸುತ್ತದೆ ಎಂಬ ವಿಚಿತ್ರ ಆಗ ತಿಳಿಯಿತು. ಈಗ ಹೆಚ್ಚು ಬಳಕೆಯಲ್ಲಿರುವುದು ಮೀಥೈಲ್‌ಫೆನಿಡೇಟ್. ಉತ್ತೇಜಕವಲ್ಲದ ಆಟೊಮಾಕ್ಸೆಟಿನ್ ಕೂಡ ಇದೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಮೀಥೈಲ್‌ಫೆನಿಡೇಟ್‌ನ ಸಾಮಾನ್ಯ ಅಡ್ಡಪರಿಣಾಮಗಳು. ಬೆಳಿಗ್ಗೆ ಮಾತ್ರೆ ತೆಗೆದುಕೊಂಡ ಮಗುವಿನ ಊಟದ ಡಬ್ಬಿ ಹಾಗೇ ವಾಪಸ್ ಬಂದರೆ ಗದರಬೇಕಿಲ್ಲ, ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ, ಸಂಜೆ ಪ್ರಭಾವ ಇಳಿದ ಮೇಲೆ ಇನ್ನೊಂದು ಊಟ ಕೊಡಬೇಕು. ಎತ್ತರ, ತೂಕ, ರಕ್ತದೊತ್ತಡವನ್ನು ವೈದ್ಯರು ಆಗಾಗ ನೋಡುತ್ತಿರಬೇಕು. ಮಗು ಮಂಕಾಗಿ ಕೂತರೆ ಪ್ರಮಾಣ ಸರಿಯಿಲ್ಲದಿರಬಹುದು, ಹೋಗಿ ಹೇಳಬೇಕು. ತಾವೇ ನಿಲ್ಲಿಸುವುದಾಗಲಿ ಹೆಚ್ಚಿಸುವುದಾಗಲಿ ಸಲ್ಲದು. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಪೋಷಕರಿಗೆ ಕೊಡುವ ತರಬೇತಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ 2019ರ ಮಾರ್ಗಸೂಚಿಯಲ್ಲಿ ಹೇಳಿದೆ.

ಮಾತ್ರೆಯೋ ತರಬೇತಿಯೋ ಎಂಬ ವಾದಕ್ಕೆ 1999ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ಬೆಳಕು ಚೆಲ್ಲುತ್ತದೆ. 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ನೋಡಿದರು. ಚಂಚಲತೆ, ಗಮನದ ಕೊರತೆಯ ಲಕ್ಷಣಗಳು ಹೆಚ್ಚು ಇಳಿದದ್ದು ಎಚ್ಚರಿಕೆಯಿಂದ ಔಷಧ ಕೊಟ್ಟ ಗುಂಪಿನಲ್ಲಿ ಮತ್ತು ಔಷಧದ ಜೊತೆ ವರ್ತನಾ ತರಬೇತಿಯನ್ನೂ ಕೊಟ್ಟ ಗುಂಪಿನಲ್ಲಿ. ಎರಡನೆಯ ಗುಂಪಿಗೆ ಕಡಿಮೆ ಪ್ರಮಾಣದ ಔಷಧ ಸಾಕಾಯಿತು. ಆದರೆ ಪ್ರಯೋಗ ನಿಂತು ಎಲ್ಲರೂ ತಮ್ಮತಮ್ಮ ದಾರಿ ಹಿಡಿದ ಮೇಲೆ, ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಗಿತ್ತು. ನಿರಾಶೆ ಹುಟ್ಟಿಸುವ ಫಲಿತಾಂಶದಂತೆ ಕಂಡರೂ ಇದು ಮೇಲೆ ಹೇಳಿದ ಮಾತಿಗೆ ಹೊಂದುತ್ತದೆ. ನೆರವು ಇರುವವರೆಗೆ ಕೆಲಸ ಮಾಡುತ್ತದೆ. ಒಂದು ಟರ್ಮು ಮಾಡಿ, ಸುಧಾರಿಸಿದನೆಂದು ಹಾಳೆ ಕಿತ್ತುಹಾಕಿದರೆ ಹಳೆಯ ಕಥೆ ಮರಳುತ್ತದೆ. ಅನೇಕರಲ್ಲಿ ದೈಹಿಕ ಚಡಪಡಿಕೆ ಹರೆಯದಲ್ಲಿ ತಗ್ಗುತ್ತದೆ, ಗಮನದ ತೊಂದರೆ ದೊಡ್ಡವರಾದ ಮೇಲೂ ಒಂದಿಷ್ಟು ಉಳಿಯುತ್ತದೆ. ಅಷ್ಟರೊಳಗೆ ಪಟ್ಟಿ ಬರೆದುಕೊಳ್ಳುವುದು, ಅಲಾರಂ ಇಟ್ಟುಕೊಳ್ಳುವುದು ಅವರದೇ ಅಭ್ಯಾಸವಾಗಿದ್ದರೆ ದೊಡ್ಡವರು ಹಿಂದೆ ಸರಿಯಬಹುದು.

ಎಲ್ಲಿಗೆ ಹೋಗಬೇಕು? ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಅವರು ಜಿಲ್ಲಾ ಮಟ್ಟದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ) ಕಳಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯದ ಪ್ರತ್ಯೇಕ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಕಲಿಕೆ ಮತ್ತು ಮಾತಿನ ತೊಂದರೆಯೂ ಜೊತೆಗಿದ್ದರೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೆ ತೋರಿಸಬಹುದು. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಪ್ರಮಾಣಪತ್ರದ ವಿಷಯದಲ್ಲಿ ಒಂದು ತೊಡಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವ ಪೋಷಕರು ಜೊತೆಗೆ ಕಲಿಕಾ ನ್ಯೂನತೆಯೂ ಇದೆಯೇ ಎಂದು ಹತ್ತನೆಯ ತರಗತಿಗೆ ಬರುವ ತುಂಬ ಮೊದಲೇ ಪರೀಕ್ಷೆ ಮಾಡಿಸಿಕೊಂಡಿರಬೇಕು. ಪಟ್ಟಿಗೆ ಎಡಿಎಚ್‌ಡಿ ಸೇರಬೇಕೆಂಬ ಬೇಡಿಕೆ ನ್ಯಾಯವಾದದ್ದು, ಆದರೆ ಅದಕ್ಕಾಗಿ ತರಗತಿಯ ಕೆಲಸ ಕಾಯಬೇಕಿಲ್ಲ. ಮುಂದಿನ ಬೆಂಚಿಗೆ, ಮೂರು ಲೆಕ್ಕದ ಹೋಂವರ್ಕಿಗೆ, ಡೆಸ್ಕಿನ ಮೇಲಿನ ಬೆರಳ ತಟ್ಟಿಗೆ, ಬಚ್ಚಲಮನೆ ಬಾಗಿಲಿನ ಚಿತ್ರಕ್ಕೆ ಯಾವ ಇಲಾಖೆಯ ಆದೇಶವೂ ಬೇಡ. ರೋಗನಿರ್ಣಯ ಆಗುವವರೆಗೆ ಕಾಯಬೇಕೆಂದೂ ಇಲ್ಲ. ಎಡಿಎಚ್‌ಡಿ ಅಲ್ಲವೆಂದು ತಿಳಿದರೂ ಇವುಗಳಿಂದ ಯಾವ ಮಗುವಿಗೂ ನಷ್ಟವಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ‘ಇವನು ಯಾಕೆ ಹೀಗೆ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಯಾವ ಪೀರಿಯಡ್ಡಿನಲ್ಲಿ, ಎಷ್ಟು ಹೊತ್ತಿಗೆ, ಯಾವ ಕೆಲಸದ ಯಾವ ಹಂತದಲ್ಲಿ ಅವನು ತಪ್ಪುತ್ತಾನೆ ಎಂದು ಕೇಳಿ. ಉತ್ತರ ಸಿಕ್ಕ ಜಾಗದಲ್ಲಿ ಒಂದೇ ಒಂದು ಬದಲಾವಣೆ ಮಾಡಿ, ಎರಡು ವಾರ ಬಿಟ್ಟು ಮತ್ತೆ ಕೂತು ನೋಡಿ.